ನಿಂತ ಲೇತು ಮತ್ತು ನಮ್ಮ ಭೌತವಿಜ್ಞಾನ

ಕನ್ನಡನಾಡಿನ ನಕಾಶೆಯಲ್ಲಿ ಎಲ್ಲಕ್ಕಿಂತ ಮೇಲೆ, ಉತ್ತರದ ತುತ್ತತುದಿಯಲ್ಲಿ ಕಾಣುವ ತಾಲ್ಲೂಕು ಬೀದರ ಜಿಲ್ಲೆಯ ಔರಾದ. ಆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮರ ಕಡೆಯುವ ಕಸುಬಿನ ಬಡಗಿಯೊಬ್ಬರಿದ್ದಾರೆ. ಲಟ್ಟಣಿಗೆ, ಕಡಗೋಲು, ಮಂಚದ ಕಾಲು, ಮಕ್ಕಳ ಬುಗುರಿ ಮೊದಲಾದುವು ಅವರ ಲೇತಿನಿಂದ ಹೊರಬರುವ ಸಾಮಾನುಗಳು. ಅವರ ಮಗಳು ನಮ್ಮ ಕಾಲೇಜಿನಲ್ಲಿ ಬಿ.ಎಸ್‌ಸಿ. ತರಗತಿಯ ವಿದ್ಯಾರ್ಥಿನಿ. ಒಂದು ದಿನ ಆಕೆ ಪಾಠ ಮುಗಿದ ಬಳಿಕ ನನ್ನಲ್ಲಿಗೆ ಬಂದು, ತಂದೆಯವರ ಲೇತು ನಿಂತುಹೋಗಿದೆಯೆಂದೂ, ಗುಂಡಿ ಒತ್ತಿದರೆ ಮೋಟಾರು ಗುಂಯ್ ಎನ್ನುವುದೇ ಹೊರತು ತಿರುಗುವುದಿಲ್ಲವೆಂದೂ ತಿಳಿಸಿದಳು. ನಾನು ಕ್ಷಣಮಾತ್ರವೂ ತಡೆಯದೆ, “ಕಂಡೆನ್ಸರ್ ಹೋಗಿರಬೇಕು, ಬದಲಾಯಿಸಲು ಹೇಳು” ಎಂದೆ. ಭೌತವಿಜ್ಞಾನದ ಉಪನ್ಯಾಸಕನ ಮಾತು ಎಂಬ ನಂಬಿಕೆಯಿಂದ ಅವರು ಬೀದರ ಪಟ್ಟಣಕ್ಕೆ ಬಂದು ಹೊಸ ಕಂಡೆನ್ಸರನ್ನು ಕೊಂಡೊಯ್ದು ಹಾಕಿದರು. ಲೇತು ಮತ್ತೆ ಗುಂಯ್ ಎಂದಿತು, ತಿರುಗಲಿಲ್ಲ.

ನನ್ನ ಆ ಮಾತು ತಪ್ಪಾಗಿತ್ತು. ಅದಕ್ಕಿಂತ ದೊಡ್ಡ ತಪ್ಪು ಎಂದರೆ, ಅದನ್ನು ಹೇಳುವುದಕ್ಕೆ ಮುಂಚೆ ನಾನು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಈ ಲೇಖನವನ್ನು ಬರೆಯುವುದಕ್ಕೆ ಆ ತಪ್ಪೇ ಕಾರಣ. ಕೆಟ್ಟ ಯಂತ್ರದ ಮುಂದೆ ನಿಂತಾಗ ಸೂತ್ರಗಳನ್ನು ಬಲ್ಲವನು ಏಕೆ ಎಡವುತ್ತಾನೆ, ಎಡವದಂತೆ ನಮ್ಮ ವಿದ್ಯಾರ್ಥಿಗಳನ್ನು ಹೇಗೆ ತಯಾರು ಮಾಡಬೇಕು ಎಂಬ ವಿಚಾರವನ್ನು ವಾಚಕರ ಮುಂದಿಡುವುದು ನನ್ನ ಉದ್ದೇಶ.

ಕನ್ನಡದಲ್ಲಿ ‘ಕಡೆ’ ಎಂಬ ಕ್ರಿಯಾಪದಕ್ಕೆ ಮೊಸರನ್ನು ಮಥಿಸು ಎಂಬ ಅರ್ಥವೂ ಉಂಟು, ಮರವನ್ನು ತಿರುಗಿಸಿ ಉಳಿಯಿಂದ ರೂಪಿಸು ಎಂಬ ಅರ್ಥವೂ ಉಂಟು. ಎರಡರಲ್ಲಿಯೂ ಕ್ರಿಯೆ ಒಂದೇ ಆಗಿತ್ತೆಂಬುದನ್ನು ಗಮನಿಸಬೇಕು. ಕಡಗೋಲಿಗೆ ಹಗ್ಗವನ್ನು ಸುತ್ತಿ ಎರಡೂ ಕೈಗಳಿಂದ ಹಿಂದಕ್ಕೂ ಮುಂದಕ್ಕೂ ಎಳೆಯುವಂತೆಯೇ, ಹಳೆಯ ಕಾಲದ ಲೇತಿನಲ್ಲಿ ಮರದ ತುಂಡಿಗೆ ಹಗ್ಗ ಸುತ್ತಿ ಒಬ್ಬನು ಎಳೆಯುತ್ತಿದ್ದನು, ಇನ್ನೊಬ್ಬನು ಉಳಿ ಹಿಡಿಯುತ್ತಿದ್ದನು. ಲಕ್ಕುಂಡಿ, ಇಟಗಿ ಮೊದಲಾದೆಡೆಗಳಲ್ಲಿ ಕಲ್ಯಾಣದ ಚಾಲುಕ್ಯರ ಕಾಲದ ದೇವಾಲಯಗಳನ್ನು ನೋಡಿದವರಿಗೆ ಕಡೆದ ಕಲ್ಲುಕಂಬಗಳ ನುಣುಪು ನೆನಪಿರಬಹುದು. ಆ ಚಾಲುಕ್ಯರ ರಾಜಧಾನಿಯಾಗಿದ್ದ ಕಲ್ಯಾಣವೇ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಆದುದರಿಂದ ಕಡೆಯುವ ವಿದ್ಯೆ ನಮಗೆ ಹೊರಗಿನಿಂದ ಬಂದ ಹೊಸತೇನೂ ಅಲ್ಲ. ಹೊಸತು ಏನಿದ್ದರೂ, ಹಗ್ಗ ಎಳೆಯುವವನ ಸ್ಥಾನದಲ್ಲಿ ಬಂದು ಕುಳಿತ ವಿದ್ಯುತ್ ಮೋಟಾರು ಮಾತ್ರ. ಹಗ್ಗ ಎಳೆಯುವವನು ಸೋತರೆ “ಸೋತೆ” ಎಂದು ಬಾಯಿಬಿಟ್ಟು ಹೇಳುತ್ತಿದ್ದನು. ಮೋಟಾರು ಹಾಗೆ ಹೇಳುವುದಿಲ್ಲ. ಅದರ ಮೌನವನ್ನೂ ಗುಂಯ್‌ಗುಡುವಿಕೆಯನ್ನೂ ನಾವೇ ಅರ್ಥಮಾಡಿಕೊಳ್ಳಬೇಕು.

ಹೊಸ ಕಂಡೆನ್ಸರಿನಿಂದ ಪ್ರಯೋಜನವಾಗಲಿಲ್ಲವೆಂದು ಕಂಡಮೇಲೆ ಬಡಗಿಯವರು ಮೋಟಾರನ್ನು ಕಳಚಿ ಭಾಲ್ಕಿಗೆ ಒಯ್ದರು. ಅಲ್ಲಿನ ಅಂಗಡಿಯೊಂದರಲ್ಲಿ ಅದಕ್ಕೆ ಹೊಸ ಸುರುಳಿಯನ್ನು ಸುತ್ತಲಾಯಿತು. ಅಂಗಡಿಯ ಮೇಜಿನ ಮೇಲೆ ಮೋಟಾರು ಸೊಗಸಾಗಿ ತಿರುಗಿತು. ಊರಿಗೆ ತಂದು ಕೂಡಿಸಿದ ಸಂಜೆ ಮತ್ತೆ ಹಳೆಯ ಕಥೆ. ಎರಡನೆಯ ಸಲ ಒಯ್ದಾಗಲೂ ಅಲ್ಲಿ ತಿರುಗಿತು, ಇಲ್ಲಿ ನಿಂತಿತು. “ಭಾಲ್ಕಿಯಾಗ ಛಲೋ ತಿರುಗ್ತದ ಸರ್, ನಮ್ಮೂರಿಗೆ ತಂದರ ನಿಂತೇ ಬಿಡ್ತದ” ಎಂದು ಅವರು ನನಗೆ ಹೇಳಿದಾಗ ಅದರಲ್ಲಿ ದೂರಿಗಿಂತ ಹತಾಶೆ ಹೆಚ್ಚಾಗಿತ್ತು. ಲೇತನ್ನು ಮಾರಿಬಿಡುವ ಯೋಚನೆ ಅಷ್ಟರಲ್ಲಿ ಮನೆಯಲ್ಲಿ ಬಂದಿತ್ತು. ಮದುವೆಯ ಕಾಲಕ್ಕೆ ಒಪ್ಪಿಕೊಂಡ ಮಂಚದ ಕಾಲುಗಳ ಕೆಲಸ ಕೈತಪ್ಪಿ ಹೋಗಿತ್ತು. ಯಂತ್ರವೊಂದು ನಿಂತರೆ ನಿಲ್ಲುವುದು ಯಂತ್ರ ಮಾತ್ರವಲ್ಲ ಎಂಬುದು ಪ್ರಯೋಗಶಾಲೆಯಲ್ಲಿ ಕುಳಿತವರಿಗೆ ಸುಲಭವಾಗಿ ಹೊಳೆಯುವುದಿಲ್ಲ.

ಆದರೆ ಆ ಒಂದು ಮಾತಿನಲ್ಲಿಯೇ ಉತ್ತರ ಅಡಗಿತ್ತು. ಒಂದೇ ಮೋಟಾರು ಒಂದು ಕಡೆ ತಿರುಗುತ್ತದೆ, ಇನ್ನೊಂದು ಕಡೆ ತಿರುಗುವುದಿಲ್ಲ ಎಂದಾದರೆ, ದೋಷವನ್ನು ಹುಡುಕಬೇಕಾದುದು ಮೋಟಾರಿನ ಒಳಗೆ ಅಲ್ಲ, ಎರಡು ಸ್ಥಳಗಳ ನಡುವಣ ವ್ಯತ್ಯಾಸದಲ್ಲಿ. ಇದನ್ನು ನಾನು ಕಾಣಲಿಲ್ಲ. ಕಂಡವಳು ಆ ವಿದ್ಯಾರ್ಥಿನಿ. “ಸರ್, ಲೇತನ್ನು ಪಡಸಾಲೆಯಿಂದ ಹಿತ್ತಲ ಕೊಟ್ಟಿಗೆಗೆ ಸಾಗಿಸಿದ ಮೇಲೆಯೇ ಇದು ಶುರುವಾದದ್ದು” ಎಂದು ಆಕೆ ನೆನಪಿಸಿಕೊಂಡಳು. ಯಾರೂ ಕೇಳಿರಲಿಲ್ಲವಾದುದರಿಂದ ಯಾರೂ ಹೇಳಿರಲಿಲ್ಲ.

ಮುಂದಿನ ಭಾನುವಾರ ನಾವು ಆ ಹಳ್ಳಿಗೆ ಹೋದೆವು. ಅಲ್ಲಿ ಕಂಡುದನ್ನು ಹೇಳುವುದಕ್ಕೆ ಮೊದಲು ಇಂಥ ಮೋಟಾರಿನ ಸ್ವಭಾವವನ್ನು ಸಂಕ್ಷೇಪವಾಗಿ ವಿವರಿಸುವುದು ಅವಶ್ಯ.

ಮನೆಗಳಿಗೆ ಬರುವ ಒಂದೇ ಫೇಸಿನ ವಿದ್ಯುತ್ತು 230 ವೋಲ್ಟುಗಳದ್ದು. ಸೆಕೆಂಡಿಗೆ 50 ಆವರ್ತಗಳದ್ದು. ಇದನ್ನು ಮೋಟಾರಿನ ಒಂದೇ ಸುರುಳಿಗೆ ಕೊಟ್ಟರೆ ಹುಟ್ಟುವ ಕಾಂತಕ್ಷೇತ್ರವು ಸುತ್ತುವುದಿಲ್ಲ. ಇದ್ದಲ್ಲಿಯೇ ಏರುತ್ತದೆ, ಇಳಿಯುತ್ತದೆ, ದಿಕ್ಕು ಬದಲಿಸುತ್ತದೆ. ಅಂಥ ಕ್ಷೇತ್ರವನ್ನು ಎಡಕ್ಕೊಂದು ಬಲಕ್ಕೊಂದು ಸುತ್ತುವ ಎರಡು ಸಮಬಲದ ಕ್ಷೇತ್ರಗಳ ಮೊತ್ತವೆಂದು ಭಾವಿಸಬಹುದು. ಇಬ್ಬರು ಸಮಬಲರು ಎರಡು ದಿಕ್ಕಿಗೆ ಎಳೆದರೆ ಹಗ್ಗ ನಿಂತಲ್ಲಿಯೇ ನಿಲ್ಲುವಂತೆ, ನಿಶ್ಚಲವಾದ ರೋಟರ್ ಕಂಪಿಸುತ್ತದೆಯೇ ಹೊರತು ಹೊರಡುವುದಿಲ್ಲ. ನಾವು ಕೇಳುವ ಗುಂಯ್ ಎಂಬ ದನಿ ಈ ಕಂಪನದ್ದು. ಈ ತೊಡಕನ್ನು ನಿವಾರಿಸಲು ಮೋಟಾರಿನಲ್ಲಿ ಎರಡನೆಯ ಸುರುಳಿಯೊಂದನ್ನು ಇಟ್ಟು, ಅದಕ್ಕೆ ಧಾರಕವನ್ನು, ಅಂದರೆ ಅಂಗಡಿಯವರು ಕಂಡೆನ್ಸರ್ ಎನ್ನುವುದನ್ನು, ಜೋಡಿಸುತ್ತಾರೆ. ಧಾರಕದ ದೆಸೆಯಿಂದ ಎರಡನೆಯ ಸುರುಳಿಯ ಪ್ರವಾಹವು ಮೊದಲನೆಯದಕ್ಕಿಂತ ತುಸು ಮುಂಚಿತವಾಗಿ ಏರಿಳಿಯುತ್ತದೆ. ಆಗ ಎರಡೂ ಕೂಡಿ ಸುತ್ತುವ ಕ್ಷೇತ್ರವೊಂದು ಉಂಟಾಗಿ ರೋಟರನ್ನು ತನ್ನೊಂದಿಗೆ ಎಳೆದುಕೊಂಡು ಹೋಗುತ್ತದೆ. ಕೆಲವು ಮೋಟಾರುಗಳಲ್ಲಿ ವೇಗ ಬಂದೊಡನೆ ಕೇಂದ್ರಾಪಗಾಮಿ ಸ್ವಿಚ್ಚೊಂದು ಈ ಸುರುಳಿಯನ್ನು ಬೇರ್ಪಡಿಸುತ್ತದೆ. ಇನ್ನು ಕೆಲವುಗಳಲ್ಲಿ ಅದು ಸದಾ ಮಂಡಲದಲ್ಲಿಯೇ ಇರುತ್ತದೆ. ನಮ್ಮ ಬಡಗಿಯವರ ಒಂದು ಅಶ್ವಶಕ್ತಿಯ ಮೋಟಾರು ಈ ಎರಡನೆಯ ಬಗೆಯದು. ಇಂಥದರಲ್ಲಿ ಹೊರಡುವಾಗಿನ ಬಲ ಸಹಜವಾಗಿಯೇ ಕಡಮೆ.

ಇಷ್ಟು ತಿಳಿದರೆ ಯಂತ್ರದ ಲಕ್ಷಣಗಳನ್ನು ಓದಬಹುದು. ಗುಂಡಿ ಒತ್ತಿದಾಗ ಯಾವ ಸದ್ದೂ ಇಲ್ಲದಿದ್ದರೆ ವಿದ್ಯುತ್ತೇ ಮೋಟಾರನ್ನು ತಲುಪಿಲ್ಲವೆಂದು ತಿಳಿಯಬೇಕು. ಪ್ಲಗ್ಗು, ಫ್ಯೂಸು, ಮರದ ಹೊಟ್ಟು ತುಂಬಿಕೊಂಡ ಸ್ವಿಚ್ಚು, ಬಿಸಿಯಾದಾಗ ತಾನಾಗಿಯೇ ಕಡಿದುಕೊಳ್ಳುವ ರಕ್ಷಕ ಗುಂಡಿ, ಇವುಗಳನ್ನು ಒಂದೊಂದಾಗಿ ನೋಡಬೇಕು. ಮೋಟಾರು ತಿರುಗಿ ಲೇತಿನ ಕದಿರು ತಿರುಗದಿದ್ದರೆ ಪಟ್ಟಿ ಸಡಿಲವಾಗಿದೆ, ಇಲ್ಲವೆ ಗಾಲಿಯನ್ನು ದಂಡಕ್ಕೆ ಬಿಗಿದಿರುವ ತಿರುಪು ಜಾರಿದೆ. ಉಳಿ ತಾಗಿಸಿದೊಡನೆ ನಿಂತರೆ ಉಳಿ ಮೊಂಡಾಗಿರಬಹುದು, ಪಟ್ಟಿ ಜಾರುತ್ತಿರಬಹುದು, ಒಮ್ಮೆಗೇ ಹೆಚ್ಚು ಮರವನ್ನು ಕೀಳಲು ಹೊರಟಿರಬಹುದು. ಗುಂಯ್ ಎಂದು ತಿರುಗದಿದ್ದರೆ ಪ್ಲಗ್ಗನ್ನು ಪೂರ್ತಿಯಾಗಿ ಕಿತ್ತು ಕೈಯಿಂದ ಕದಿರನ್ನು ತಿರುಗಿಸಿ ನೋಡಬೇಕು. ಬಿಗಿಯಾಗಿದ್ದರೆ ದೋಷ ಬೇರಿಂಗಿನಲ್ಲಿ, ಪಟ್ಟಿಯಲ್ಲಿ, ಅಥವಾ ಮರವನ್ನು ಅತಿಯಾಗಿ ಒತ್ತಿ ಹಿಡಿದ ಹಿಂದಿನ ಮೊನೆಯಲ್ಲಿ ಇದೆ. ಹಗುರವಾಗಿ ತಿರುಗಿದರೆ ಮಾತ್ರ ಧಾರಕ, ಎರಡನೆಯ ಸುರುಳಿ, ಸ್ವಿಚ್ಚು ಮತ್ತು ಬಂದು ತಲುಪುವ ವೋಲ್ಟೇಜು ಇವು ಸಂಶಯಕ್ಕೆ ಪಾತ್ರವಾಗುತ್ತವೆ. ನಾನು ಧಾರಕಕ್ಕೆ ನೇರವಾಗಿ ನೆಗೆದದ್ದು ಈ ಮೆಟ್ಟಿಲುಗಳನ್ನೆಲ್ಲ ಬಿಟ್ಟು.

ಹಳ್ಳಿಯಲ್ಲಿ ಲೈಸೆನ್ಸು ಪಡೆದ ವಿದ್ಯುತ್ ಕೆಲಸಗಾರರೊಬ್ಬರು ನಮ್ಮೊಡನಿದ್ದರು. ಮೀಟರಿನಿಂದ ಕೊಟ್ಟಿಗೆಗೆ 60 ಮೀಟರು ಉದ್ದದ ತಂತಿಯನ್ನು ಎಳೆಯಲಾಗಿತ್ತು. ಅದು 1 ಚದರ ಮಿಲಿಮೀಟರು ಅಡ್ಡಕೊಯ್ತದ ತಾಮ್ರದ ತಂತಿ. ದೀಪಕ್ಕೆ ಸಾಕು, ಮೋಟಾರಿಗಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಗುಂಡಿ ಒತ್ತಿ, ಮೋಟಾರು ಗುಂಯ್‌ಗುಡುವ ಎರಡು ಮೂರು ಸೆಕೆಂಡುಗಳಲ್ಲಿ ಅಳೆದಾಗ ಮೀಟರಿನ ಬಳಿ 205 ವೋಲ್ಟು, ಮೋಟಾರಿನ ಬಳಿ 150 ವೋಲ್ಟು ಇದ್ದುವು. ಪ್ರವಾಹ ಸುಮಾರು 25 ಆಂಪಿಯರು. ಹೆಚ್ಚು ಹೊತ್ತು ಹಾಗೆಯೇ ಬಿಟ್ಟರೆ ನಿಂತ ಮೋಟಾರಿನ ಸುರುಳಿ ಸುಟ್ಟುಹೋಗುತ್ತದೆಂಬುದನ್ನು ಇಲ್ಲಿ ನೆನಪಿಡಬೇಕು.

55 ವೋಲ್ಟು ಎಲ್ಲಿ ಹೋಯಿತು? ಹೋಗುವ ತಂತಿ, ಬರುವ ತಂತಿ ಎರಡೂ ಸೇರಿ 120 ಮೀಟರು. ಈ ಅಳತೆಯ ತಾಮ್ರದ ತಂತಿಗೆ ಕಿಲೊಮೀಟರಿಗೆ ಸುಮಾರು 18 ಓಮುಗಳ ರೋಧವಿರುತ್ತದೆ. ಆದುದರಿಂದ 120 ಮೀಟರಿಗೆ ಸುಮಾರು 2.2 ಓಮು. 25 ಆಂಪಿಯರಿನಿಂದ ಗುಣಿಸಿದರೆ 55 ವೋಲ್ಟು! ಪರ್ಯಾಯ ವಿದ್ಯುತ್ತಿನಲ್ಲಿ ಹೀಗೆ ನೇರವಾಗಿ ಕೂಡಿ ಕಳೆಯುವುದು ಪೂರ್ತಿ ಸರಿಯಲ್ಲ, ಆದರೆ ಅಂದಾಜಿಗೆ ಸಾಕು. ಶಾಲೆಯ ಮಕ್ಕಳೂ ಬಲ್ಲ ಓಮನ ನಿಯಮವು ಕೊಟ್ಟಿಗೆಯ ಮೂಲೆಯಲ್ಲಿ ನಮಗಾಗಿ ಮೂರು ತಿಂಗಳಿಂದ ಕಾಯುತ್ತಿತ್ತು.

ವೋಲ್ಟೇಜು ತುಸು ಕಡಮೆಯಾದರೆ ಮೋಟಾರು ತುಸು ಸೋಮಾರಿಯಾಗುತ್ತದೆ ಎಂದು ಸಾಮಾನ್ಯವಾಗಿ ಭಾವಿಸುತ್ತಾರೆ. ವಾಸ್ತವವಾಗಿ ಪ್ರೇರಣ ಮೋಟಾರಿನ ತಿರುಗಿಸುವ ಬಲವು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುತ್ತದೆ. 230ರ ಬದಲು 150 ವೋಲ್ಟು ದೊರೆತರೆ ವೋಲ್ಟೇಜು ಸುಮಾರು ಮೂರರಲ್ಲಿ ಎರಡು ಭಾಗ ಉಳಿದಂತಾಯಿತು. ಬಲವಾದರೋ ಅರ್ಧಕ್ಕಿಂತ ಕೆಳಗೆ, ನೂರಕ್ಕೆ 42ರಷ್ಟು ಮಾತ್ರ ಉಳಿಯುತ್ತದೆ. ಬೆಳಗ್ಗೆ ಊರಿನಲ್ಲಿ ಬಳಕೆ ಕಡಮೆಯಿದ್ದಾಗ ಮೀಟರಿನ ಬಳಿ ವೋಲ್ಟೇಜು ಮೇಲಿರುತ್ತಿತ್ತು. ಆಗ ಲೇತು ಕೆಲವೊಮ್ಮೆ ಹೊರಡುತ್ತಿತ್ತು. ಸಂಜೆ ಎಲ್ಲ ಮನೆಗಳಲ್ಲಿಯೂ ದೀಪ, ಫ್ಯಾನು ಹಚ್ಚಿದಾಗ ಹೊರಡುತ್ತಿರಲಿಲ್ಲ. ಭಾಲ್ಕಿಯ ಅಂಗಡಿಯಲ್ಲಿ ಮೋಟಾರು ಸ್ವಿಚ್ಚಿನ ಪಕ್ಕದಲ್ಲಿಯೇ ಇತ್ತು, ಅದರ ಮೇಲೆ ಪಟ್ಟಿಯ ಹೊರೆಯೂ ಇರಲಿಲ್ಲ. ಅಲ್ಲಿ ತಿರುಗದೆ ಇನ್ನೇನು ಮಾಡೀತು?

ಇಷ್ಟಕ್ಕೇ ನಾವು ತೃಪ್ತರಾಗಲಿಲ್ಲ. ಕೈಯಿಂದ ತಿರುಗಿಸಿದಾಗ ಕದಿರು ತುಸು ಭಾರವಾಗಿತ್ತು. ಪಟ್ಟಿ ಜಾರುತ್ತಿದೆಯೆಂದು ಶಂಕಿಸಿ ಬಡಗಿಯವರು ಅದನ್ನು ಬಲವಾಗಿ ಬಿಗಿದಿದ್ದರು. ಹೀಗೆ ಎರಡು ಸಂಶಯಗಳಾದುವು. ಎರಡನ್ನೂ ಒಮ್ಮೆಗೇ ಸರಿಪಡಿಸಿದ್ದರೆ ಲೇತು ತಿರುಗುತ್ತಿತ್ತು, ಆದರೆ ಕಾರಣ ತಿಳಿಯುತ್ತಿರಲಿಲ್ಲ. ಆದುದರಿಂದ ಮೊದಲು ಹಳೆಯ ತಂತಿಯನ್ನೇ ಇಟ್ಟು ಪಟ್ಟಿಯನ್ನು ಮಾತ್ರ ಸಡಿಲಿಸಿದೆವು. ಆ ಸಂಜೆ ಮೋಟಾರು ಹೊರಡಲಿಲ್ಲ. ಬಳಿಕ ಪಟ್ಟಿಯನ್ನು ಮೊದಲಿನಂತೆ ಬಿಗಿದು 4 ಚದರ ಮಿಲಿಮೀಟರಿನ ತಂತಿಯನ್ನು ಜೋಡಿಸಿದೆವು. ಕೊಂಚ ತಡವಾಗಿಯಾದರೂ ಹೊರಟಿತು. ಮತ್ತೆ ಸಪೂರ ತಂತಿಯನ್ನು ಕೂಡಿಸಿದಾಗ ಗುಂಯ್ ಎಂದು ನಿಂತಿತು. ಕೊನೆಯಲ್ಲಿ ದಪ್ಪ ತಂತಿ, ಹದವಾದ ಪಟ್ಟಿ ಎರಡನ್ನೂ ಇಟ್ಟಾಗ ಹಳೆಯ ದಿನಗಳಂತೆ ಸದ್ದಿಲ್ಲದೆ ತಿರುಗಿತು. ದೋಷವನ್ನು ತೆಗೆದರೆ ಯಂತ್ರ ನಡೆಯಬೇಕು, ಮರಳಿ ಇಟ್ಟರೆ ನಿಲ್ಲಬೇಕು. ಈ ಎರಡನೆಯ ಮಾತನ್ನು ಪರೀಕ್ಷಿಸದೆ ಕಾರಣ ಸಿಕ್ಕಿತೆಂದು ಹೇಳಬಾರದು.

ಈಗ ನನ್ನ ಅಭಿಪ್ರಾಯಕ್ಕೆ ಬರುತ್ತೇನೆ. ಆ ವಿದ್ಯಾರ್ಥಿನಿ ಪರೀಕ್ಷೆಯಲ್ಲಿ ಧಾರಕದ ಪ್ರವಾಹವು ವೋಲ್ಟೇಜಿಗಿಂತ 90 ಡಿಗ್ರಿ ಮುಂದಿರುವುದನ್ನು ಸಾಧಿಸಿ ತೋರಿಸಬಲ್ಲಳು. ನಾನು ಅದನ್ನು ವರ್ಷವರ್ಷವೂ ಕಪ್ಪುಹಲಗೆಯ ಮೇಲೆ ಬರೆಯುತ್ತೇನೆ. ಹೀಗಿದ್ದೂ ನಿಂತ ಲೇತಿನ ಮುಂದೆ ನಾವಿಬ್ಬರೂ ಬಹುಕಾಲ ಮೂಕರಾದುದಕ್ಕೆ ಕಾರಣವಿದೆ. ನಮ್ಮ ಪ್ರಯೋಗಶಾಲೆಗಳಲ್ಲಿ ಉಪಕರಣಗಳು ಯಾವಾಗಲೂ ಸರಿಯಾಗಿಯೇ ಇರಬೇಕು. ಕೆಟ್ಟರೆ ಅವುಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತೇವೆ. ವಿದ್ಯಾರ್ಥಿಯು ತಿಳಿದ ಉತ್ತರವನ್ನು ತಲುಪಿದರೆ ಅಂಕ ದೊರೆಯುತ್ತದೆ; ತಲುಪದಿದ್ದರೆ ಪಕ್ಕದವನ ಅಳತೆಗಳನ್ನು ನಕಲು ಮಾಡುವ ಆಸೆ ಹುಟ್ಟುತ್ತದೆ. “ಉತ್ತರ ಏಕೆ ಬರಲಿಲ್ಲ?” ಎಂಬ ಪ್ರಶ್ನೆಗೆ ಅಂಕವಿಲ್ಲ. ವಿಜ್ಞಾನದ ನಿಜವಾದ ಕೆಲಸ ಆರಂಭವಾಗುವುದೇ ಆ ಪ್ರಶ್ನೆಯಿಂದ!

ಆದುದರಿಂದ ಪ್ರತಿಯೊಂದು ಕಾಲೇಜಿನ ಪ್ರಯೋಗಶಾಲೆಯಲ್ಲಿ, ಸಾಧ್ಯವಿದ್ದರೆ ಪ್ರೌಢಶಾಲೆಗಳಲ್ಲಿಯೂ, ವರ್ಷಕ್ಕೆ ಕೆಲವು ಪಾಠಗಳನ್ನಾದರೂ ದೋಷ ಹುಡುಕುವುದಕ್ಕೆ ಮೀಸಲಿಡಬೇಕೆಂದು ನಾನು ಸೂಚಿಸುತ್ತೇನೆ. ಅಧ್ಯಾಪಕರು ಬೇಕೆಂದೇ ಒಂದು ದೋಷವನ್ನು ಅಡಗಿಸಿಟ್ಟ ಉಪಕರಣವನ್ನು ಮೇಜಿನ ಮೇಲೆ ಇಡಲಿ. ಒಳಗೆ ತುಂಡಾದ ತಂತಿ, ತುಕ್ಕು ಹಿಡಿದ ಸಂಪರ್ಕ, ತಿರುವುಮುರುವಾಗಿ ಜೋಡಿಸಿದ ಮೀಟರು, ಇಷ್ಟೇ ಸಾಕು. ವಿದ್ಯಾರ್ಥಿಯು ಮೊದಲು ಲಕ್ಷಣವನ್ನು ಬರೆಯಲಿ. ಬಳಿಕ ಸಾಧ್ಯವಾದ ಕಾರಣಗಳ ಪಟ್ಟಿಯನ್ನು ಮಾಡಲಿ. ಪಟ್ಟಿಯಲ್ಲಿ ಅರ್ಧದಷ್ಟನ್ನು ಒಮ್ಮೆಗೇ ತಳ್ಳಿಹಾಕಬಲ್ಲ ಪರೀಕ್ಷೆ ಯಾವುದೆಂದು ಯೋಚಿಸಲಿ. ಅಂಕ ಕೊಡುವುದು ಆ ಯೋಚನೆಗೆ. ಉಪಕರಣ ಸರಿಯಾದುದಕ್ಕೆ ಅಲ್ಲ.

ಇದಕ್ಕೆ ಆಕ್ಷೇಪಗಳಿಲ್ಲದಿಲ್ಲ. ರಿಪೇರಿ ಕಲಿಸುವುದು ಐ.ಟಿ.ಐ.ಗಳ ಕೆಲಸ, ಕಾಲೇಜಿನದಲ್ಲ ಎಂದು ಕೆಲವರು ಹೇಳಬಹುದು. ಅಂಥವರಿಗೆ ಜೇಮ್ಸ್ ವಾಟ್‌ನ ಕಥೆಯನ್ನು ನೆನಪಿಸಬೇಕಾಗುತ್ತದೆ. 1763-64ರ ಚಳಿಗಾಲದಲ್ಲಿ ಗ್ಲಾಸ್ಗೋ ವಿಶ್ವವಿದ್ಯಾನಿಲಯದ ತರಗತಿಯಲ್ಲಿ ತೋರಿಸಲು ಇಟ್ಟಿದ್ದ ನ್ಯೂಕಮನ್ ಉಗಿಯಂತ್ರದ ಪುಟ್ಟ ಮಾದರಿಯೊಂದು ಅವನ ಬಳಿಗೆ ರಿಪೇರಿಗೆ ಬಂದಿತು. ದುರಸ್ತಿಯಾದ ಮೇಲೂ ಅದು ಕೆಲವೇ ಹೊಡೆತಗಳ ಬಳಿಕ ನಿಲ್ಲುತ್ತಿತ್ತು. ಏಕೆ ನಿಲ್ಲುತ್ತದೆ ಎಂದು ಬೆನ್ನುಹತ್ತಿದ ವಾಟ್, ತಣ್ಣೀರಿನಿಂದ ತಣ್ಣಗಾದ ಸಿಲಿಂಡರನ್ನು ಪ್ರತಿಸಲವೂ ಬಿಸಿ ಮಾಡುವುದಕ್ಕೇ ಬಹುಪಾಲು ಉಗಿ ವ್ಯರ್ಥವಾಗುತ್ತಿರುವುದನ್ನು ಕಂಡುಕೊಂಡನು. ಅದರಿಂದ 1765ರಲ್ಲಿ ಪ್ರತ್ಯೇಕ ಸಾಂದ್ರಕದ ಕಲ್ಪನೆ ಹುಟ್ಟಿತು. 1769ರಲ್ಲಿ ಅದಕ್ಕೆ ಪೇಟೆಂಟು ದೊರೆಯಿತು. ಲೋಕದ ಕೈಗಾರಿಕೆಯನ್ನೇ ಬದಲಿಸಿದ ಆ ವಿಚಾರದ ಬೀಜ, ನಿಂತುಹೋದ ಒಂದು ತರಗತಿಯ ಮಾದರಿ.

ನಮ್ಮ ಕಾಲದ ನಿದರ್ಶನವೂ ಉಂಟು. 2011ರ ಸೆಪ್ಟೆಂಬರಿನಲ್ಲಿ ಓಪೆರಾ ಎಂಬ ಪ್ರಯೋಗದ ವಿಜ್ಞಾನಿಗಳು, ಜಿನೀವಾದ ಬಳಿಯ ಸರ್ನ್ ಸಂಸ್ಥೆಯಿಂದ ಸುಮಾರು 730 ಕಿಲೊಮೀಟರು ದೂರದ ಇಟಲಿಯ ಗ್ರಾನ್ ಸಾಸ್ಸೊಗೆ ಬಂದ ನ್ಯೂಟ್ರಿನೊ ಕಣಗಳು ಬೆಳಕಿಗಿಂತ ಸುಮಾರು 60 ನ್ಯಾನೊಸೆಕೆಂಡು ಮುಂಚೆ ತಲುಪಿದಂತೆ ತೋರುತ್ತದೆಂದು ಪ್ರಕಟಿಸಿದರು. ಐನ್‌ಸ್ಟೈನರ ಸಿದ್ಧಾಂತವೇ ಅಲುಗಾಡಿತೆಂದು ಪತ್ರಿಕೆಗಳು ಬರೆದುವು. 2012ರಲ್ಲಿ ತಿಳಿದುಬಂದ ಮುಖ್ಯ ಕಾರಣವೆಂದರೆ, ಸರಿಯಾಗಿ ಬಿಗಿಯದೆ ಬಿಟ್ಟಿದ್ದ ಒಂದು ಬೆಳಕಿನೆಳೆಯ ಕೇಬಲು! ಔರಾದದ ಕೊಟ್ಟಿಗೆಯ ತಂತಿಗೂ ಆ ಮಹಾಪ್ರಯೋಗದ ಕೇಬಲಿಗೂ ನಡುವೆ ಗಾತ್ರದ ಅಂತರ ಅಗಾಧ, ಯೋಚನೆಯ ಅಂತರ ಇಲ್ಲ.

ಅಪಾಯದ ಆಕ್ಷೇಪವನ್ನು ನಾನು ಗೌರವಿಸುತ್ತೇನೆ. 230 ವೋಲ್ಟಿನ ಯಂತ್ರಗಳನ್ನು ವಿದ್ಯಾರ್ಥಿಗಳು ತಾವಾಗಿಯೇ ಬಿಚ್ಚಲು ಹೋಗಬಾರದು. ಪ್ಲಗ್ಗನ್ನು ಕಿತ್ತ ಮೇಲೂ ಧಾರಕವು ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿದ್ದು ಆಘಾತ ಮಾಡಬಲ್ಲದು. ಗುಂಯ್‌ಗುಡುವ ಮೋಟಾರನ್ನು ಕೈಯಿಂದ ತಳ್ಳಿ ಹೊರಡಿಸುವ ವಾಡಿಕೆ ಕೆಲವೆಡೆಗಳಲ್ಲಿ ಇದೆ. ಅದು ಬೆರಳುಗಳನ್ನು ಕಳೆದುಕೊಳ್ಳುವ ದಾರಿ. ಭೂಸಂಪರ್ಕದ ಮೂರನೆಯ ತಂತಿಯನ್ನು ಎಂದಿಗೂ ಬಿಡಬಾರದು. ಆದರೆ ತರಗತಿಯ ದೋಷಪಾಠಗಳಿಗೆ 1.5 ವೋಲ್ಟಿನ ಬ್ಯಾಟರಿಯೂ ಒಂದು ಬಲ್ಬೂ ಸಾಕು. ಖರ್ಚಿನ ಮಾತೂ ಇಲ್ಲಿ ನಿಲ್ಲದು, ಏಕೆಂದರೆ ಕೆಟ್ಟ ಸಾಮಾನಿಗೆ ನಮ್ಮಲ್ಲಿ ಬರಗಾಲವಿಲ್ಲ.

ಇನ್ನೊಂದು ವಿಷಯವನ್ನು ಹೇಳಲೇಬೇಕು. ಕಸುಬಿನವರ ಅರಿವನ್ನು ನಾವು ಓದಿದವರು ಕಡೆಗಣಿಸುತ್ತೇವೆ. ಬೀದರಿನ ಬಿದರಿ ಕುಶಲಿಗಳು ಸತು ತಾಮ್ರಗಳ ಮಿಶ್ರಲೋಹಕ್ಕೆ ಕಪ್ಪು ಬಣ್ಣ ಬರಿಸಲು ನವಸಾಗರದೊಡನೆ ಕೋಟೆಯ ಮಣ್ಣನ್ನು ಬಳಸುತ್ತಾರೆ. ಯಾವ ಮಣ್ಣು ಕೆಲಸಕ್ಕೆ ಬರುತ್ತದೆಂಬುದನ್ನು ನಾಲಗೆಯ ಮೇಲಿಟ್ಟು ರುಚಿಯಿಂದ ಆರಿಸುವವರು ಅವರಲ್ಲಿದ್ದಾರೆ. ಲೋಹ ಕಪ್ಪಾಗುತ್ತದೆ, ಅದರೊಳಗೆ ಕೂಡಿಸಿದ ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಇದು ಪರೀಕ್ಷೆಯಲ್ಲದೆ ಮತ್ತೇನು? ನಮ್ಮ ಬಡಗಿಯವರೂ “ಅಲ್ಲಿ ತಿರುಗುತ್ತದೆ, ಇಲ್ಲಿ ಇಲ್ಲ” ಎಂದಾಗ ಅತ್ಯಂತ ಬೆಲೆಯುಳ್ಳ ಸಾಕ್ಷ್ಯವನ್ನೇ ಕೊಟ್ಟಿದ್ದರು. ಅದನ್ನು ಸಾಕ್ಷ್ಯವೆಂದು ಗುರುತಿಸುವುದು ನನ್ನ ಕರ್ತವ್ಯವಾಗಿತ್ತು. ಎರಡು ಸಲ ಸುರುಳಿ ಸುತ್ತಿಸಿದ ಖರ್ಚಿನಲ್ಲಿ, ಬೇಡದ ಕಂಡೆನ್ಸರಿನ ಬೆಲೆಯಲ್ಲಿ, ಕೈತಪ್ಪಿದ ಕೆಲಸದಲ್ಲಿ ನನ್ನ ಆತುರದ ಪಾಲೂ ಇದೆ.

ವಿದ್ಯಾರ್ಥಿ ಮಿತ್ರರಲ್ಲಿ ನನ್ನ ಬಿನ್ನಹ ಇಷ್ಟೆ. ಮನೆಯಲ್ಲಿ ಫ್ಯಾನು, ಮಿಕ್ಸರು, ನೀರೆತ್ತುವ ಪಂಪು ಯಾವುದಾದರೂ ನಿಂತಾಗ ಬಿಚ್ಚುವ ಸಾಧನಕ್ಕೆ ಕೈಹಾಕುವ ಮೊದಲು ಒಂದು ಕಾಗದ ತೆಗೆದುಕೊಳ್ಳಿರಿ. ಎಂದಿನಿಂದ ಹೀಗಾಯಿತು? ಅದಕ್ಕೆ ಮುಂಚೆ ಏನು ಬದಲಾಯಿತು? ಯಾವ ಹೊತ್ತಿನಲ್ಲಿ, ಯಾವ ಸ್ಥಳದಲ್ಲಿ ಸರಿಯಾಗಿರುತ್ತದೆ? ಈ ಮೂರು ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಬಳಿಕ ಬಲ್ಲವರನ್ನು ಕರೆಯಿರಿ, ಅವರು ಮಾಡುವುದನ್ನು ಪಕ್ಕದಲ್ಲಿ ನಿಂತು ನೋಡಿರಿ, ಏಕೆ ಎಂದು ಕೇಳಿರಿ.

ಆ ಕೊಟ್ಟಿಗೆಯಲ್ಲಿ ಲೇತು ಈಗಲೂ ತಿರುಗುತ್ತಿದೆ. ತೆಗೆದುಹಾಕಿದ ಸಪೂರ ತಂತಿಯ ಸುರುಳಿಯನ್ನು ನಾನು ಕೇಳಿ ತಂದು ನಮ್ಮ ಪ್ರಯೋಗಶಾಲೆಯಲ್ಲಿ ಇಟ್ಟಿದ್ದೇನೆ. ಪ್ರತಿ ವರ್ಷ ಹೊಸ ತರಗತಿಯವರು ಮೊದಲು ಅಳೆಯುವುದು ಅದರ ರೋಧವನ್ನು.